ಕಾಡಿನ ಫಲ, ಕಾಡಿನ ಕಾವಲು

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರೋಣ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕಾಯಬೇಕಾದವನೇ ತಿನ್ನತೊಡಗಿದರೆ ಗತಿಯೇನು ಎಂಬುದು ಅದರ ಅಳಲು. ಈ ಹೊತ್ತು ನಾನು ಶ್ರೋತೃಗಳ ಮುಂದಿಡಬೇಕೆಂದಿರುವ ವಿಚಾರ ಈ ಗಾದೆಯನ್ನು ಮಗುಚಿ ನೋಡುವಂಥದು. ತಿನ್ನುವವನನ್ನೇ ಕಾವಲಿಗೆ ನಿಲ್ಲಿಸಬಹುದೆ? ಕಾಡಿನ ಜೇನು, ಕಾಯಿ, ಮೀನು, ಚಿಟ್ಟೆಗಳಿಂದ ಹೊಟ್ಟೆ ಹೊರೆಯುವವನಿಗೆ ಆ ಕಾಡು ನಾಳೆಯೂ ಇರಬೇಕೆಂಬ ಸ್ವಾರ್ಥ ಹುಟ್ಟುವುದಾದರೆ, ಆ ಸ್ವಾರ್ಥವೇ ಕಾಡಿಗೆ ಬೇಲಿಯಾದೀತೆ?

ಭೂಮಧ್ಯರೇಖೆಯ ಎರಡೂ ಪಕ್ಕಗಳಲ್ಲಿ ಹಬ್ಬಿರುವ ಕಾಡುಗಳನ್ನು ಉಷ್ಣವಲಯದ ಅರಣ್ಯಗಳೆಂದು ಕರೆಯುತ್ತಾರೆ. ದಕ್ಷಿಣ ಅಮೆರಿಕದ ಅಮೆಜಾನ್, ಆಫ್ರಿಕದ ಕಾಂಗೋ, ಆಗ್ನೇಯ ಏಷ್ಯದ ದ್ವೀಪಗಳು, ನಮ್ಮ ಪಶ್ಚಿಮಘಟ್ಟ, ಇವೆಲ್ಲ ಆ ವಲಯಕ್ಕೆ ಸೇರಿದವು. ಈ ಕಾಡುಗಳು ಕರಗುತ್ತ ಬಂದುದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಮರಗಳು ನಿಂತಿರುವ ನೆಲಕ್ಕಿಂತ ಮರಗಳನ್ನು ಕಡಿದ ನೆಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು. ಅಮೆಜಾನಿನಲ್ಲಿ ದನದ ಹುಲ್ಲುಗಾವಲು, ಬೋರ್ನಿಯೋದಲ್ಲಿ ಎಣ್ಣೆತಾಳೆ, ನಮ್ಮ ಘಟ್ಟಗಳಲ್ಲಿ ಕಾಫಿ, ಚಹ. ಲೆಕ್ಕ ಬರೆಯುವವನ ಪುಸ್ತಕದಲ್ಲಿ ಕಾಡು ಇನ್ನೂ ಉಪಯೋಗಕ್ಕೆ ಬಾರದ ಖಾಲಿ ಜಾಗ. ಕಾಡಿನ ಅಂಚಿನಲ್ಲಿರುವ ಬಡವನಿಗಂತೂ ಅದು ಆನೆ ಹಂದಿಗಳನ್ನು ತನ್ನ ಹೊಲಕ್ಕೆ ಕಳುಹಿಸುವ ನೆರೆಮನೆ. ಅದರಿಂದ ಬರುವ ಕಷ್ಟವೆಲ್ಲ ಅವನದು, ಅದರ ಮಳೆ, ಗಾಳಿ, ಸೊಬಗುಗಳು ಊರಿನವರೆಲ್ಲರದು.

ಈ ನಷ್ಟವನ್ನು ತಡೆಯಲು ಲೋಕದಲ್ಲಿ ಎರಡು ದಾರಿಗಳನ್ನು ಹಿಡಿದಿದ್ದಾರೆ. ಮೊದಲನೆಯದು ಬೇಲಿಯ ದಾರಿ. ಕಾಡಿಗೆ ಗಡಿ ಹಾಕುವುದು, ಒಳಗಿರುವವರನ್ನು ಹೊರಗೆ ಕಳುಹಿಸುವುದು, ಕೈ ಹಾಕಿದವರನ್ನು ದಂಡಿಸುವುದು. ಎರಡನೆಯದು ಬಳಕೆಯ ದಾರಿ. ಅಸಲಿಗೆ ಕೈ ಹಾಕದೆ ಬಡ್ಡಿಯನ್ನು ಮಾತ್ರ ಉಣ್ಣಲು ಬಿಡುವುದು; ಬಡ್ಡಿಯ ಆಸೆಯಿಂದಲೇ ಅಸಲನ್ನು ಕಾಯುವಂತೆ ಮಾಡುವುದು. ೧೯೮೦ರಲ್ಲಿ ಪ್ರಕಟವಾದ ವಿಶ್ವ ಸಂರಕ್ಷಣಾ ಕಾರ್ಯನೀತಿಯು ಈ ಎರಡನೆಯ ದಾರಿಗೆ ಗೌರವದ ಸ್ಥಾನ ಕೊಟ್ಟಿತು. ೧೯೯೨ರಲ್ಲಿ ರಿಯೊ ನಗರದಲ್ಲಿ ರಾಷ್ಟ್ರಗಳು ಸಹಿ ಹಾಕಿದ ಜೀವವೈವಿಧ್ಯ ಒಪ್ಪಂದವು ಸಂರಕ್ಷಣೆ, ಬಾಳಿಕೆ ಬರುವ ಬಳಕೆ, ಲಾಭದ ನ್ಯಾಯವಾದ ಹಂಚಿಕೆ ಎಂಬ ಮೂರನ್ನೂ ಒಟ್ಟಿಗೆ ಹೇಳಿತು.

ಮಾತು ಸೊಗಸಾಗಿಯೇ ಇದೆ. ಆದರೆ ಬಳಕೆಯು ತಾನಾಗಿಯೇ ಕಾವಲಾಗಿ ಬಿಡುವುದಿಲ್ಲ. ಇದಕ್ಕೆ ಅಮೆಜಾನ್ ನದಿಯ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಆಂಗ್ಲ ನಿಸರ್ಗಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆ ನದಿಯ ಮೇಲ್ದಂಡೆಯ ಎಗ ಎಂಬ ಸಣ್ಣ ಊರಿನಲ್ಲಿ ವರ್ಷಗಟ್ಟಲೆ ನೆಲಸಿದ್ದನು. ಬೇಸಗೆಯಲ್ಲಿ ನದಿ ಇಳಿದು ಮರಳದಿಣ್ಣೆಗಳು ತಲೆಯೆತ್ತಿದಾಗ ದೊಡ್ಡ ಆಮೆಗಳು ಸಾವಿರ ಸಾವಿರವಾಗಿ ಬಂದು ಅಲ್ಲಿ ಮೊಟ್ಟೆಯಿಡುತ್ತಿದ್ದವು. ಜನ ಆ ಮೊಟ್ಟೆಗಳನ್ನು ಅಗೆದು ತೆಗೆದು, ದೋಣಿಗಳಲ್ಲಿ ತುಳಿದು, ಎಣ್ಣೆ ಮಾಡಿ ದೀಪಕ್ಕೂ ಅಡುಗೆಗೂ ಮಾರುತ್ತಿದ್ದರು. ೧೮೬೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೇಟ್ಸ್ ಲೆಕ್ಕ ಹಾಕಿ ಹೇಳಿದ ಪ್ರಕಾರ, ಹೀಗೆ ವರ್ಷಕ್ಕೆ ನಾಶವಾಗುತ್ತಿದ್ದ ಮೊಟ್ಟೆಗಳ ಸಂಖ್ಯೆ ೪ ಕೋಟಿ ೮೦ ಲಕ್ಷ. ಆಮೆ ಅಲ್ಲಿನ ಜನಕ್ಕೆ ಉಪಯುಕ್ತ ಪ್ರಾಣಿಯಾಗಿತ್ತು. ಅದರ ಬೆಲೆಯನ್ನು ಅವರು ಚೆನ್ನಾಗಿ ಬಲ್ಲವರೇ ಆಗಿದ್ದರು. ಆದರೂ ಆ ಉಪಯೋಗ ಆಮೆಯನ್ನು ಉಳಿಸಲಿಲ್ಲ. ದಂಡೆದಂಡೆಗಳಲ್ಲಿ ಅದರ ಸಂತತಿಯನ್ನು ಕ್ಷೀಣಗೊಳಿಸಿತು. ಕಾರಣ ಸರಳವಾದುದು. ನಾನು ಬಿಟ್ಟ ಮೊಟ್ಟೆಯನ್ನು ಇನ್ನೊಬ್ಬನು ಒಯ್ಯುವುದು ಖಂಡಿತವಾಗಿದ್ದರೆ, ಬಿಡುವುದು ಮೂರ್ಖತನವೇ ಆಗುತ್ತದೆ.

ಬೇಟ್ಸನ ಕಾಲದ ಎಗ ಈಗ ತೆಫೆ ಎಂಬ ಪಟ್ಟಣ. ಅದೇ ತೆಫೆಯ ಸಮೀಪದಲ್ಲಿ, ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ, ಇದಕ್ಕೆ ತೀರ ವಿರುದ್ಧವಾದ ಕಥೆಯೊಂದು ನಡೆಯಿತೆಂಬುದು ವಿಶೇಷ.

ಸೋಲಿಮೋಯ್ಸ್ ಮತ್ತು ಜಪುರಾ ನದಿಗಳು ಕೂಡುವ ಮೂಲೆಯಲ್ಲಿ ಮಮಿರಾವಾ ಎಂಬ ಅರಣ್ಯವಿದೆ. ಅದರ ವಿಸ್ತಾರ ೧೧ ಲಕ್ಷ ಹೆಕ್ಟೇರುಗಳಿಗೂ ಮಿಗಿಲು. ವರ್ಷಕ್ಕೊಮ್ಮೆ ನದಿಗಳು ಉಕ್ಕಿದಾಗ ನೀರು ಹತ್ತು ಹನ್ನೆರಡು ಮೀಟರುಗಳಷ್ಟು ಏರಿ ಇಡೀ ಕಾಡು ಮುಳುಗುತ್ತದೆ. ನಮ್ಮಲ್ಲಿ ಹಕ್ಕಿಗಳು ಮಾಡುವ ಕೆಲಸವನ್ನು ಅಲ್ಲಿ ಆ ತಿಂಗಳುಗಳಲ್ಲಿ ಮೀನುಗಳು ಮಾಡುತ್ತವೆ. ಅವು ಮರದ ಬುಡಗಳ ನಡುವೆ ಈಜಾಡುತ್ತ, ಉದುರಿದ ಹಣ್ಣುಗಳನ್ನು ನುಂಗಿ, ಬೀಜಗಳನ್ನು ದೂರ ಒಯ್ದು ಬಿತ್ತುತ್ತವೆ. ಕಾಡು ಮೀನನ್ನು ಸಾಕುತ್ತದೆ, ಮೀನು ಕಾಡನ್ನು ಬೆಳೆಸುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸುವ ಮಾತೇ ಅಲ್ಲಿಲ್ಲ.

ಜೋಸೆ ಮಾರ್ಸಿಯೊ ಐರಿಸ್ ಎಂಬ ಬ್ರೆಜಿಲಿನ ವಿಜ್ಞಾನಿ ೧೯೮೦ರ ದಶಕದಲ್ಲಿ ಈ ಕಾಡಿಗೆ ಬಂದದ್ದು ಮೀನಿಗಾಗಿ ಅಲ್ಲ, ಒಂದು ಕೋತಿಗಾಗಿ. ಬಿಳಿಯ ಮೈ, ಕೂದಲಿಲ್ಲದ ಕೆಂಪು ಮುಖ ಇವುಗಳಿಂದ ವಿಚಿತ್ರವಾಗಿ ಕಾಣುವ ಉವಾಕರಿ ಎಂಬ ಕೋತಿಯ ಬದುಕನ್ನು ಅವರು ಅಭ್ಯಾಸ ಮಾಡುತ್ತಿದ್ದರು. ಕೋತಿ ಉಳಿಯಬೇಕಾದರೆ ಕಾಡು ಉಳಿಯಬೇಕು ಎಂದು ಅವರು ಸರ್ಕಾರದ ಮನವೊಲಿಸಿದರು. ೧೯೯೦ರಲ್ಲಿ ಅಮಜೋನಾಸ್ ರಾಜ್ಯ ಅದನ್ನು ಕಟ್ಟುನಿಟ್ಟಾದ ರಕ್ಷಿತ ಪ್ರದೇಶವೆಂದು ಘೋಷಿಸಿತು. ಆ ವರ್ಗದ ಪ್ರದೇಶದೊಳಗೆ ಕಾನೂನಿನ ಪ್ರಕಾರ ಮನುಷ್ಯರು ವಾಸಿಸುವಂತಿರಲಿಲ್ಲ. ಆದರೆ ನದಿದಂಡೆಯ ಹಳ್ಳಿಗಳಲ್ಲಿ ಮನುಷ್ಯರು ತಲೆಮಾರುಗಳಿಂದ ಇದ್ದೇ ಇದ್ದರು. ಅವರನ್ನು ಎಬ್ಬಿಸಿ ಕಳುಹಿಸುವುದೇ, ಅವರನ್ನೇ ಜೊತೆಗಾರರನ್ನಾಗಿ ಮಾಡಿಕೊಳ್ಳುವುದೇ ಎಂಬ ಪ್ರಶ್ನೆ ಎದ್ದಿತು. ಐರಿಸ್ ಎರಡನೆಯದನ್ನು ಆರಿಸಿಕೊಂಡರು. ೧೯೯೬ರಲ್ಲಿ ಕಾನೂನನ್ನೇ ಬದಲಿಸಿ, ಜನ ಅಲ್ಲಿಯೇ ಇದ್ದು ನಿಯಮಕ್ಕೆ ಒಳಪಟ್ಟು ಬಾಳಬಹುದಾದ ಹೊಸ ಬಗೆಯ ಮೀಸಲು ಪ್ರದೇಶವಾಗಿ ಮಮಿರಾವಾವನ್ನು ಮಾರ್ಪಡಿಸಲಾಯಿತು. ಬ್ರೆಜಿಲಿನಲ್ಲಿ ಆ ಬಗೆಯದು ಅದೇ ಮೊದಲು.

ಅಲ್ಲಿನ ಸರೋವರಗಳಲ್ಲಿ ಪಿರಾರುಕು ಎಂಬ ಮಹಾಮತ್ಸ್ಯವೊಂದಿದೆ. ಸಿಹಿನೀರಿನ ಮೀನುಗಳಲ್ಲಿ ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಎರಡು ಮೂರು ಮೀಟರು ಉದ್ದ ಬೆಳೆಯುತ್ತದೆ. ತೂಕ ಇನ್ನೂರು ಕಿಲೋಗ್ರಾಮಿನವರೆಗೆ ಹೋಗುವುದುಂಟು. ಅದರ ಮಾಂಸವನ್ನು ಉಪ್ಪು ಹಾಕಿ ಒಣಗಿಸಿ ಮಾರುವ ವ್ಯಾಪಾರ ಬಹಳ ಹಳೆಯದು. ಈ ಮೀನಿಗೆ ಒಂದು ವಿಚಿತ್ರ ಗುಣ ಉಂಟು. ಕಿವಿರುಗಳಿದ್ದರೂ ನೀರಿನೊಳಗಿನ ಉಸಿರು ಅದಕ್ಕೆ ಸಾಲದು. ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಲೇಬೇಕು. ಮೇಲೆ ಬಂದಾಗ ಈಟಿ ಎಸೆಯುವುದು ಬೆಸ್ತರ ಹಳೆಯ ಪದ್ಧತಿ. ದೊಡ್ಡ ಬಲೆಗಳೂ ಮಂಜುಗಡ್ಡೆ ತುಂಬಿದ ದೋಣಿಗಳೂ ಬಂದ ಮೇಲೆ ಮೀನು ಬರಿದಾಗುತ್ತ ಹೋಯಿತು. ಕೊನೆಗೆ ೧೯೯೬ರಲ್ಲಿ ಅಮಜೋನಾಸ್ ರಾಜ್ಯದಲ್ಲಿ ಪಿರಾರುಕು ಹಿಡಿಯುವುದನ್ನೇ ನಿಷೇಧಿಸಿದರು. ಆದರೆ ಆ ವಿಸ್ತಾರವಾದ ನೀರುನಾಡಿನಲ್ಲಿ ನಿಷೇಧವನ್ನು ಜಾರಿ ಮಾಡುವವರು ಯಾರು? ಕಳ್ಳತನದ ಬೇಟೆ ನಡೆದೇ ಇತ್ತು.

ಆಗ ಮಮಿರಾವಾದ ಸಂಶೋಧಕರೂ ಬೆಸ್ತರೂ ಕೂಡಿ ಒಂದು ಉಪಾಯ ಕಂಡುಕೊಂಡರು. ಹಿಡಿಯುವ ಮುನ್ನ ಎಣಿಸಬೇಕು. ಕಾಣದ ಮೀನನ್ನು ಎಣಿಸುವುದು ಹೇಗೆ? ಉಸಿರಿಗಾಗಿ ಅದು ಮೇಲೆ ಬರಲೇಬೇಕಷ್ಟೆ. ಸರೋವರದ ಒಂದೊಂದು ಭಾಗವನ್ನು ಒಬ್ಬೊಬ್ಬ ಅನುಭವಸ್ಥ ಬೆಸ್ತನಿಗೆ ಒಪ್ಪಿಸುವುದು. ಅವನು ಇಪ್ಪತ್ತು ನಿಮಿಷ ಮೌನವಾಗಿ ಕುಳಿತು ಮೇಲೆದ್ದ ಮೀನುಗಳನ್ನು ಎಣಿಸುವುದು. ಒಂದೂವರೆ ಮೀಟರಿಗಿಂತ ದೊಡ್ಡವೆಷ್ಟು, ಚಿಕ್ಕವೆಷ್ಟು ಎಂದು ಬೇರೆ ಬೇರೆಯಾಗಿ ಹೇಳುವುದು. ನೀರಿನ ಸದ್ದು, ಬೆನ್ನಿನ ಹೊರಳು, ಎದ್ದ ಅಲೆ ಇವುಗಳಿಂದಲೇ ಒಂದು ಮೀನನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ಲಿಯಾಂದ್ರೊ ಕಾಸ್ಟೆಲೊ ಎಂಬ ವಿಜ್ಞಾನಿ ಈ ಎಣಿಕೆಯನ್ನು ಶಾಸ್ತ್ರೀಯ ವಿಧಾನದೊಡನೆ ಹೋಲಿಸಿ ನೋಡಿ ೨೦೦೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನುಭವಿ ಬೆಸ್ತರ ಲೆಕ್ಕ ವಿಜ್ಞಾನದ ಲೆಕ್ಕಕ್ಕೆ ಆಶ್ಚರ್ಯವಾಗುವಷ್ಟು ಸಮೀಪದಲ್ಲಿತ್ತು.

೧೯೯೯ರಿಂದ ಈ ಎಣಿಕೆಯ ಆಧಾರದ ಮೇಲೆ ಹಳ್ಳಿಗಳಿಗೆ ಪರವಾನಗಿ ಸಿಗತೊಡಗಿತು. ಎಣಿಸಿದ ದೊಡ್ಡ ಮೀನುಗಳಲ್ಲಿ ನೂರಕ್ಕೆ ಮೂವತ್ತನ್ನು ಮೀರದಂತೆ ಹಿಡಿಯಬಹುದು. ಒಂದೂವರೆ ಮೀಟರಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ. ಮರಿ ಮಾಡುವ ತಿಂಗಳುಗಳಲ್ಲಿ ಬಲೆ ಇಳಿಸುವಂತಿಲ್ಲ. ಸರೋವರಗಳನ್ನು ಹಳ್ಳಿಯವರೇ ಕೂತು ವಿಂಗಡಿಸಿದರು. ಇದು ಮಾರಾಟಕ್ಕೆ, ಇದು ಮನೆಯ ಊಟಕ್ಕೆ, ಇದಕ್ಕೆ ಯಾರೂ ಕೈ ಹಾಕಬಾರದು ಎಂದು. ಹೊರಗಿನ ದೋಣಿಗಳು ನುಗ್ಗದಂತೆ ಸರದಿಯ ಮೇಲೆ ಕಾವಲು ನಿಂತರು. ಕೆಲವೇ ವರ್ಷಗಳಲ್ಲಿ ಅಲ್ಲಿ ಪಿರಾರುಕುವಿನ ಸಂಖ್ಯೆ ಹಲವು ಪಟ್ಟು ಏರಿತು. ಈ ಪದ್ಧತಿ ಬೇರೆ ನದಿಗಳಿಗೂ ಹಬ್ಬಿತು. ಜುರುವಾ ನದಿಯ ಪ್ರದೇಶದಲ್ಲಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಳ್ಳಿಯವರು ಕಾಯುತ್ತಿದ್ದ ಸರೋವರಗಳಲ್ಲಿ ಸರಾಸರಿ ೩೦೦ ಪಿರಾರುಕುಗಳು ಕಂಡುಬಂದರೆ, ಯಾರ ಕಾವಲೂ ಇಲ್ಲದ ಸರೋವರಗಳಲ್ಲಿ ಹತ್ತಕ್ಕೂ ಕಡಿಮೆ ಕಂಡುಬಂದವು.

ಬೇಟ್ಸನ ಆಮೆಗಳಿಗೂ ಈ ಮೀನಿಗೂ ಇರುವ ವ್ಯತ್ಯಾಸವೇನು? ಎರಡರಲ್ಲಿಯೂ ಬಳಕೆ ಇದೆ, ಬೆಲೆ ಇದೆ, ವ್ಯಾಪಾರಿ ಇದ್ದಾನೆ. ಆದರೆ ಎರಡನೆಯದರಲ್ಲಿ, ಇಂದು ಬಿಟ್ಟ ಮೀನು ನಾಳೆ ನನ್ನ ಹಳ್ಳಿಗೇ ಸಿಕ್ಕೀತು ಎಂಬ ಭರವಸೆ ಇದೆ. ಈ ಸರೋವರ ನಮ್ಮದು, ಇದನ್ನು ಕಾಯುವ ಅಧಿಕಾರ ನಮಗುಂಟು ಎಂದು ರಾಜ್ಯ ಒಪ್ಪಿದೆ. ಆ ಭರವಸೆಯಿಂದ ಎಣಿಕೆ ಹುಟ್ಟಿತು. ಎಣಿಕೆಯಿಂದ ಮಿತಿ ಹುಟ್ಟಿತು. ನಾಳೆಯ ಹಕ್ಕಿಲ್ಲದವನು ಇಂದು ಮಿತಿಯಲ್ಲಿ ಇರಬೇಕೆಂದು ಹೇಳುವುದು ಉಪದೇಶವಾದೀತೇ ಹೊರತು ವ್ಯವಸ್ಥೆಯಾಗಲಾರದು. ಇಂದಿನ ನನ್ನ ಮಾತಿನ ತಿರುಳು ಇಷ್ಟೇ.

ಈ ಕಥೆಯಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಕೆಂಪು ಮುಖದ ಉವಾಕರಿ ಕೋತಿಯನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಆದರೆ ಬೆಲೆಯುಳ್ಳ ಮೀನನ್ನು ಕಾಯಲು ನಿಂತವರು ಮೀನು ಮೇಯುವ ಕಾಡನ್ನೂ ಕಾಯಬೇಕಾಯಿತು. ಆ ಕಾಡಿನ ನೆರಳಿನಲ್ಲಿ ಬೆಲೆಯಿಲ್ಲದ ಕೋತಿಯೂ ಬದುಕಿತು.

ಇನ್ನು ಆಫ್ರಿಕದ ಒಂದು ಚಿಕ್ಕ ನಿದರ್ಶನ. ಅಲ್ಲಿ ಮಾರಾಟಕ್ಕೆ ಬಂದದ್ದು ಮೀನಿಗಿಂತಲೂ ಹಗುರವಾದ ವಸ್ತು, ಚಿಟ್ಟೆ. ಕೆನ್ಯ ದೇಶದ ಕರಾವಳಿಯಲ್ಲಿ ಮಾಲಿಂದಿ ಪಟ್ಟಣದ ಬಳಿ ಅರಬುಕೊ ಸೊಕೊಕೆ ಎಂಬ ಕಾಡಿದೆ. ಸುಮಾರು ೪೨೦ ಚದರ ಕಿಲೋಮೀಟರುಗಳ ಈ ಕಾಡು ಪೂರ್ವ ಆಫ್ರಿಕದ ಕರಾವಳಿಯಲ್ಲಿ ಉಳಿದಿರುವ ದೊಡ್ಡ ತುಣುಕು. ಆದರೆ ಸುತ್ತಲಿನ ರೈತರಿಗೆ ಅದರಿಂದ ಬರುತ್ತಿದ್ದುದು ಆನೆ ಮತ್ತು ಕೋತಿಗಳ ಕಾಟ. ಕಾಡನ್ನು ಕಡಿದು ನೆಲವನ್ನು ಹಂಚಿಕೊಡಿ ಎಂದು ಅವರಲ್ಲಿ ಬಹುಮಂದಿ ಕೇಳುತ್ತಿದ್ದರು. ೧೯೯೩ರಲ್ಲಿ ಅಲ್ಲಿ ಕಿಪೆಪೆಯೊ ಎಂಬ ಯೋಜನೆ ಮೊದಲಾಯಿತು. ಸ್ವಾಹಿಲಿ ಭಾಷೆಯಲ್ಲಿ ಆ ಮಾತಿಗೆ ಚಿಟ್ಟೆ ಎಂದರ್ಥ. ರೈತರು ಕಾಡಿನಿಂದ ಕೆಲವು ತಾಯಿಚಿಟ್ಟೆಗಳನ್ನು ಹಿಡಿದು ತಂದು, ತಮ್ಮ ಹಿತ್ತಲಲ್ಲಿ ಬೆಳೆಸಿದ ಗಿಡಗಳ ಮೇಲೆ ಮೊಟ್ಟೆ ಇಡಿಸಿ, ಹುಳುಗಳನ್ನು ಸಾಕಿ ಗೂಡುಕಟ್ಟಿದ ಪೊರೆಹುಳುಗಳನ್ನು ಮಾರುತ್ತಾರೆ. ಅವು ವಿಮಾನವೇರಿ ಯುರೋಪು ಅಮೆರಿಕಗಳ ಚಿಟ್ಟೆಮನೆಗಳಿಗೆ ಹೋಗಿ, ಅಲ್ಲಿ ರೆಕ್ಕೆ ಬಿಚ್ಚಿ, ನೋಡುವವರ ಕಣ್ಣಿಗೆ ಹಬ್ಬವಾಗುತ್ತವೆ. ಕಾಡಿಲ್ಲದಿದ್ದರೆ ತಾಯಿಚಿಟ್ಟೆ ಇಲ್ಲ. ಈ ಸತ್ಯ ಕೈಗೆ ಬರುವ ಹಣದ ಮೂಲಕ ಮನೆಮನೆಗೆ ತಿಳಿದ ಮೇಲೆ ಕಾಡಿನ ಬಗ್ಗೆ ರೈತರ ಅಭಿಪ್ರಾಯ ಬದಲಾದುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಇದರ ದುರ್ಬಲತೆಯೂ ಸ್ಪಷ್ಟ. ಕೊಳ್ಳುವವರು ಸಾವಿರಾರು ಮೈಲಿ ದೂರದಲ್ಲಿದ್ದಾರೆ. ಅವರು ಬಾಗಿಲು ಮುಚ್ಚಿದರೆ ಇಲ್ಲಿಯ ಹುಳುವಿಗೆ ಗಿರಾಕಿ ಇಲ್ಲ.

ದೂರದ ಉದಾಹರಣೆಗಳು ಸಾಕು. ನಮ್ಮ ನೆಲಕ್ಕೆ ಬರೋಣ. ಹಕ್ಕಿಗೂ ರಕ್ಷಣೆಗೂ ಇರುವ ಸಂಬಂಧವನ್ನು ಕನ್ನಡಿಗರಿಗೆ ತಿಳಿಸಲು ಶ್ರೀಗಂಧವೊಂದೇ ಸಾಕಾಗಿತ್ತು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಅರಸರೂ ಸರ್ಕಾರಗಳೂ ಅದೇ ಪದ್ಧತಿಯನ್ನು ನಡೆಸಿಕೊಂಡು ಬಂದವು. ರೈತನ ಬದುವಿನ ಮೇಲೆ ತಾನಾಗಿ ಹುಟ್ಟಿದ ಗಂಧದ ಗಿಡವೂ ಅವನದಾಗಿರಲಿಲ್ಲ. ಬೆಲೆಯಲ್ಲಿ ಒಂದು ಪಾಲು ಅವನಿಗೆ ಸಲ್ಲುತ್ತಿದ್ದರೂ ಮರದ ಮೇಲೆ ಅಧಿಕಾರ ಅವನಿಗಿರಲಿಲ್ಲ. ಮರ ಕಳುವಾದರೆ ಜವಾಬು ಹೇಳುವ ಭಾರ ಮಾತ್ರ ಅವನ ತಲೆಯ ಮೇಲಿತ್ತು. ಇಂಥ ಗಿಡವನ್ನು ಅವನು ನೀರೆರೆದು ಬೆಳೆಸುವುದುಂಟೆ? ಮೊಳಕೆಯಲ್ಲೇ ಕಿತ್ತೆಸೆಯುವುದು ಜಾಣತನವಾಯಿತು. ಗಂಧದ ನಾಡೆಂದು ಹೆಸರಾದ ನಾಡಿನಲ್ಲಿ ಗಂಧ ಅಪರೂಪವಾಯಿತು. ೨೦೦೧ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ತನ್ನ ನೆಲದಲ್ಲಿ ಬೆಳೆದ ಗಂಧದ ಮರ ನೆಲದ ಒಡೆಯನಿಗೇ ಸೇರಿದ್ದೆಂದು ಒಪ್ಪಿದ ಮೇಲೆಯೇ ರೈತರು ಗಂಧದ ಸಸಿಗಳನ್ನು ಕೇಳಿಕೊಂಡು ಬರತೊಡಗಿದುದು. ಗಂಧ ಹೊಲದ ಮಾತು. ಕಾಡಿನೊಳಗಿನ ಮಾತಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು.

ಚಾಮರಾಜನಗರ ಜಿಲ್ಲೆಯ ಆ ಬೆಟ್ಟಗಳಲ್ಲಿ ಸೋಲಿಗರು ಎಷ್ಟೋ ತಲೆಮಾರುಗಳಿಂದ ನೆಲಸಿದ್ದಾರೆ. ರಂಗನಾಥ ಸ್ವಾಮಿಯು ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನೆಂಬ ನಂಬಿಕೆಯಿಂದ ಅವರು ಅವನನ್ನು ಭಾವ ಎಂದು ಕರೆಯುತ್ತಾರೆ. ಕಾಡಿನ ಭಾಗಗಳನ್ನು ಕುಲಕುಲಕ್ಕೆ ಸೇರಿದ ಯೆಲ್ಲೆಗಳಾಗಿ ಗುರುತಿಸಿ, ಒಂದೊಂದು ಯೆಲ್ಲೆಯಲ್ಲಿಯೂ ದೇವರ ತಾಣ, ಮಾರಮ್ಮನ ತಾಣ, ವೀರರ ತಾಣಗಳನ್ನು ಪೂಜಿಸಿಕೊಂಡು ಬಂದವರು. ಹಿಂದೆ ಅವರು ಕಾಡಿನಲ್ಲಿ ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದರು, ಬೇಟೆಯಾಡುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ೧೯೭೪ರಲ್ಲಿ ಆದ ಅಭಯಾರಣ್ಯ ಘೋಷಣೆಯೂ ಅವರ ಬದುಕಿನ ರೀತಿಯನ್ನೇ ಬದಲಿಸಿದವು. ಬೇಟೆಯೂ ಅಲೆಮಾರಿ ಬೇಸಾಯವೂ ನಿಂತವು. ಪೋಡುಗಳು ಒಂದೆಡೆ ನೆಲೆಯಾದವು. ಉಳಿದದ್ದು ಕಾಡಿನ ಕಿರು ಉತ್ಪನ್ನ. ಹೆಜ್ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆ, ಅಂಟುವಾಳ. ಬುಡಕಟ್ಟು ಜನರ ಸಹಕಾರ ಸಂಘಗಳು ಇವನ್ನು ಕೊಳ್ಳುತ್ತಿದ್ದವು. ೧೯೯೦ರ ದಶಕದಲ್ಲಿ ನಡೆದ ಅಧ್ಯಯನಗಳು ಸೋಲಿಗ ಕುಟುಂಬಗಳ ನಗದು ವರಮಾನದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಪಾಲು ಈ ಉತ್ಪನ್ನಗಳಿಂದಲೇ ಬರುತ್ತಿತ್ತೆಂದು ಕಂಡುಕೊಂಡವು.

ಅದೇ ದಶಕದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರೂ ಪರಿಸರ ಸಂಶೋಧಕರೂ ಸೋಲಿಗರೊಡನೆ ಸೇರಿ ಒಂದು ಪ್ರಯೋಗಕ್ಕೆ ಕೈ ಹಾಕಿದರು. ಜೇನು ಶುದ್ಧಿಮಾಡುವ, ನೆಲ್ಲಿಯಿಂದ ಉಪ್ಪಿನಕಾಯಿ ಮುಂತಾದುವನ್ನು ತಯಾರಿಸುವ ಘಟಕಗಳು ಅಲ್ಲಿಯೇ ಹುಟ್ಟಿದವು. ಸುಗ್ಗಿಗೆ ಮುನ್ನ ಈ ವರ್ಷ ನೆಲ್ಲಿ ಎಷ್ಟು ಬಿಟ್ಟಿದೆ ಎಂದು ಅಂದಾಜು ಮಾಡುವುದು, ಎಷ್ಟು ಕೊಯ್ದರೆ ಮರಕ್ಕೂ ಜಿಂಕೆ ಕರಡಿಗಳಿಗೂ ಉಳಿದೀತೆಂದು ಚರ್ಚಿಸುವುದು ರೂಢಿಗೆ ಬಂತು. ಅಮೆಜಾನಿನ ಬೆಸ್ತ ನೀರಿನ ಮೇಲೆ ಕಣ್ಣಿಟ್ಟು ಮಾಡಿದ ಕೆಲಸವನ್ನೇ ಇಲ್ಲಿ ಸೋಲಿಗನು ಮರದ ತುದಿಯ ಮೇಲೆ ಕಣ್ಣಿಟ್ಟು ಮಾಡತೊಡಗಿದನು.

ನೆಲ್ಲಿಯ ವಿಚಾರದಲ್ಲಿ ಒಂದು ವಿಷಯ ಗಮನಾರ್ಹವಾದುದು. ಬೆಟ್ಟದಲ್ಲಿ ನೆಲ್ಲಿಯ ಎಳೆಯ ಗಿಡಗಳು ಕಡಿಮೆಯಾಗುತ್ತಿವೆ ಎಂಬುದು ಕಂಡುಬಂದಾಗ, ಕಾಯಿ ಕೊಯ್ಯುವವರೇ ಕಾರಣ ಎಂದು ತೀರ್ಮಾನಿಸುವುದು ಸುಲಭವಾಗಿತ್ತು. ಸೋಲಿಗರು ಬೇರೆ ಮಾತು ಹೇಳಿದರು. ಮರಕ್ಕೆ ಹತ್ತಿದ ಉಪ್ಪಿಲು, ಎಂದರೆ ಬಂದಳಿಕೆ, ಅದನ್ನು ಒಣಗಿಸುತ್ತಿದೆ. ನೆಲದ ಮೇಲೆ ಹಬ್ಬಿದ ಲಂಟಾನ ಸಸಿಯನ್ನು ಏಳಗೊಡುತ್ತಿಲ್ಲ. ಹಿಂದೆ ನಾವು ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ಇವೆರಡನ್ನೂ ಹದ್ದಿನಲ್ಲಿಡುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಹೀಗಾಯಿತು, ಎಂದು. ಮುಂದೆ ವಿಜ್ಞಾನಿಗಳು ವರ್ಷಗಟ್ಟಲೆ ಲೆಕ್ಕವಿಟ್ಟು ನೋಡಿದಾಗಲೂ, ಕೊಯ್ಲಿಗಿಂತ ಬಂದಳಿಕೆ ಮತ್ತು ಲಂಟಾನಗಳ ಪಾತ್ರವೇ ದೊಡ್ಡದೆಂದು ತೋರಿತು. ಕಾಡಿನ ಕಾಯಿ ಕೊಯ್ಯಲು ಹೋಗುವವನು ಕಾಯಿಯನ್ನಷ್ಟೇ ತರುವುದಿಲ್ಲ, ಕಾಡಿನ ಸುದ್ದಿಯನ್ನೂ ತರುತ್ತಾನೆ. ಮರ ಹತ್ತಿದಾಗ ಉಪ್ಪಿಲನ್ನು ಕಡಿದೂ ಬರುತ್ತಾನೆ.

ಆದರೆ ಹಕ್ಕಿನ ಬುಡ ಭದ್ರವಾಗಿರಲಿಲ್ಲ. ಅಭಯಾರಣ್ಯಗಳಿಂದ ಮಾರಾಟಕ್ಕಾಗಿ ಏನನ್ನೂ ತರಕೂಡದೆಂಬ ವ್ಯಾಖ್ಯಾನ ಬಲವಾಗಿ, ೨೦೦೬ರಲ್ಲಿ ಬಿಳಿಗಿರಿಯಲ್ಲಿ ಸಂಗ್ರಹ ನಿಷಿದ್ಧವಾಯಿತು. ವರಮಾನದ ದೊಡ್ಡ ಭಾಗ ಒಮ್ಮೆಲೇ ನಿಂತಿತು. ಎಣಿಕೆಯೂ ನಿಂತಿತು. ಜನ ಕಾಫಿತೋಟಗಳ ಕೂಲಿಗೆ ಹೆಚ್ಚು ಹೆಚ್ಚಾಗಿ ಹೋಗಬೇಕಾಯಿತು. ಲಂಟಾನ ಮಾತ್ರ ಯಾವ ಆಜ್ಞೆಗೂ ಕಾಯದೆ ಬೆಳೆಯುತ್ತ ಹೋಯಿತು.

೨೦೦೬ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿ ೨೦೦೭ರ ಡಿಸೆಂಬರಿನ ಕೊನೆಯಲ್ಲಿ ಜಾರಿಗೆ ಬಂದ ಅರಣ್ಯ ಹಕ್ಕುಗಳ ಕಾಯಿದೆ ಈ ಚಿತ್ರವನ್ನು ಬದಲಿಸಿತು. ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಮತ್ತು ಮಾರುವ ಹಕ್ಕನ್ನು ಅದು ಅರಣ್ಯವಾಸಿಗಳಿಗೆ ಕೊಟ್ಟಿತು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಅದರ ಜೊತೆಗೇ ಕೊಟ್ಟಿತು. ೨೦೧೧ರ ಜನವರಿಯಲ್ಲಿ ಬಿಳಿಗಿರಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಹಲವಾರು ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತವು. ಹುಲಿಯ ಮೀಸಲು ಪ್ರದೇಶವೊಂದರೊಳಗೆ ಇಂಥ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಹುಲಿಯೂ ಸೋಲಿಗನೂ ಒಂದೇ ಕಾಡಿನಲ್ಲಿ ಇರಬಲ್ಲರೆಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳುವುದು ಧರ್ಮ. ಕೆಂಟ್ ರೆಡ್‌ಫರ್ಡ್ ಎಂಬ ವಿಜ್ಞಾನಿ ೧೯೯೨ರಲ್ಲಿ ಬರಿದಾದ ಕಾಡು ಎಂಬರ್ಥದ ಹೆಸರಿನ ಲೇಖನವೊಂದನ್ನು ಬರೆದರು. ಮರಗಳೆಲ್ಲ ನಿಂತೇ ಇದ್ದು, ಬೇಟೆಯಿಂದಾಗಿ ಪ್ರಾಣಿಗಳಿಲ್ಲದೆ ನಿಶ್ಶಬ್ದವಾದ ಉಷ್ಣವಲಯದ ಕಾಡುಗಳ ಬಗ್ಗೆ ಅವರು ಎಚ್ಚರಿಸಿದರು. ಆಕಾಶದಿಂದ ನೋಡಿದರೆ ಹಸುರು. ಒಳಗೆ ಹೋದರೆ ಬೀಜ ಹೊರುವ ಹಕ್ಕಿಯಿಲ್ಲ, ಹಣ್ಣು ತಿನ್ನುವ ಮೃಗವಿಲ್ಲ. ಈ ಎಚ್ಚರಿಕೆ ಇಂದಿಗೂ ಸತ್ಯ. ಎಲ್ಲ ಜೀವಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪಿರಾರುಕು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನೆಲ್ಲಿ ಒಂದು ಋತುವಿನಲ್ಲಿ ಮೈತುಂಬ ಕಾಯಿ ಬಿಡುತ್ತದೆ. ಅವುಗಳಲ್ಲಿ ಒಂದು ಪಾಲು ತೆಗೆದರೆ ಸಂತತಿ ತಾಳಿಕೊಳ್ಳುತ್ತದೆ. ಆನೆಯು ಹಲವು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ. ಸಿಂಗಳೀಕವೂ ಹಾಗೆಯೇ ನಿಧಾನ. ಅಂಥವುಗಳಲ್ಲಿ ಮನುಷ್ಯನು ತೆಗೆದುಕೊಳ್ಳಬಹುದಾದ ಬಡ್ಡಿ ಎಂಬುದೇ ಇಲ್ಲ. ಮುಟ್ಟಿದರೆ ಅಸಲಿಗೇ ಪೆಟ್ಟು. ನಮ್ಮ ದೇಶದ ಕಾನೂನು ಬೇಟೆಯನ್ನು ನಿಷೇಧಿಸಿರುವುದು ಆ ದೃಷ್ಟಿಯಿಂದ ಸರಿಯಾಗಿಯೇ ಇದೆ. ಬಳಕೆಯ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂ೦ಬುದನ್ನು ಆ ಜೀವಿಯ ಹುಟ್ಟು ಬೆಳವಣಿಗೆಗಳೇ ನಿರ್ಧರಿಸಬೇಕು, ಪೇಟೆಯ ಬೇಡಿಕೆಯಲ್ಲ.

ಪೇಟೆಯ ಸ್ವಭಾವವೂ ಚಂಚಲ. ಬೆಲೆ ಬಹಳ ಏರಿದರೆ ಹೊರಗಿನ ಲೂಟಿಕೋರರು ಬರುತ್ತಾರೆ. ಬಹಳ ಇಳಿದರೆ ಕಾವಲು ನಿಲ್ಲುವ ಉತ್ಸಾಹ ಕುಂದುತ್ತದೆ. ಅಮೆಜಾನಿನಲ್ಲಿ ಕಳ್ಳದಾರಿಯಿಂದ ಬಂದ ಮೀನು ಎಣಿಸಿ ಹಿಡಿದವರ ಮೀನಿನ ಬೆಲೆಯನ್ನು ತಗ್ಗಿಸುತ್ತದೆ. ದೋಣಿಗೆ ಎಣ್ಣೆ ಹಾಕಿ ರಾತ್ರಿಯೆಲ್ಲ ಕಾದವನ ಖರ್ಚು ಆ ಬೆಲೆಯಲ್ಲಿ ಹುಟ್ಟುವುದಿಲ್ಲ. ಆದುದರಿಂದ ಕಾಡಿನ ರಕ್ಷಣೆಯನ್ನು ಬೆಲೆಯೊಂದರ ಮೇಲೆಯೇ ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಕಾವಲಿನ ಖರ್ಚಿನಲ್ಲಿ ಸರ್ಕಾರಕ್ಕೂ ಪಾಲಿರಬೇಕು. ಕಳ್ಳರನ್ನು ಹಿಡಿಯುವ ಶಕ್ತಿ ಹಳ್ಳಿಗಿಲ್ಲ. ಅದು ರಾಜ್ಯದ ಕೆಲಸ. ಹಕ್ಕು ಕೊಟ್ಟೆವೆಂದು ಕೈ ತೊಳೆದುಕೊಳ್ಳುವುದೂ ಒಂದು ಬಗೆಯ ತಬ್ಬಲಿತನವನ್ನೇ ಕೊಟ್ಟಂತೆ.

ಕಾಡಿನ ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದೇ ಅಪಚಾರವಲ್ಲವೆ ಎಂದು ಕೇಳುವ ಸಹೃದಯರೂ ಇದ್ದಾರೆ. ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಕಾಡನ್ನು ಪೂಜ್ಯವೆಂದು ಕಾಣುವ ಸೋಲಿಗನೇ ಅದರ ಜೇನನ್ನು ಇಳಿಸಿ ಮಾರುತ್ತಾನೆ. ಅವನ ಮನಸ್ಸಿನಲ್ಲಿ ಈ ಎರಡಕ್ಕೂ ಜಗಳವಿಲ್ಲ. ಜಗಳವಿರುವುದು ಕಾಡಿನಿಂದ ದೂರವಿದ್ದು, ಅದರ ಮರದ ಬಾಗಿಲು, ಅದರ ಕಾಫಿ, ಅದರ ಅಡವಿಜೇನುಗಳನ್ನು ಬಳಸುತ್ತಲೇ ಅದನ್ನು ಯಾರೂ ಮುಟ್ಟಬಾರದೆಂದು ಹೇಳುವ ನಮ್ಮ ಮನಸ್ಸಿನಲ್ಲಿ.

ಈ ವಿಷಯದಲ್ಲಿ ಪಟ್ಟಣವಾಸಿಗಳಾದ ನಮಗೂ ಒಂದು ಕರ್ತವ್ಯವಿದೆ. ಅಂಗಡಿಯಲ್ಲಿ ಅಡವಿಜೇನಿನ ಸೀಸೆಯನ್ನು ಕೊಳ್ಳುವಾಗ ಅದರ ಬಣ್ಣ, ರುಚಿಗಳನ್ನು ವಿಚಾರಿಸುತ್ತೇವೆ. ಅದರ ಬೆಲೆಯಲ್ಲಿ ಮರ ಹತ್ತಿದವನಿಗೆ ಎಷ್ಟು ಸಂದಿತು, ಅವನು ಹುಟ್ಟಿನ ಮರಿಗಳ ಭಾಗವನ್ನು ಉಳಿಸಿ ಬಂದನೆ, ಮುಂದಿನ ವರ್ಷವೂ ಅದೇ ಮರಕ್ಕೆ ಹೋಗುವ ಹಕ್ಕು ಅವನಿಗಿದೆಯೆ ಎಂದು ವಿಚಾರಿಸುವವರು ವಿರಳ. ಈ ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ಕಡೆಯಲ್ಲೆಲ್ಲ ಉಳಿದ ಎರಡಕ್ಕೆ ಉತ್ತರವನ್ನು ಜನ ತಾವೇ ಹುಡುಕಿಕೊಂಡಿದ್ದಾರೆ. ಬಿಳಿಗಿರಿಯ ಎಳೆಯ ಸೋಲಿಗರು ಕಾಡು ಬಿಟ್ಟು ಕೂಲಿಗೆ ಹೋಗುವುದೇ ವಾಡಿಕೆಯಾದರೆ, ಉಪ್ಪಿಲನ್ನು ಗುರುತಿಸಿ ಕಡಿಯುವ ಕಣ್ಣು ಇನ್ನೊಂದು ತಲೆಮಾರಿನಲ್ಲಿ ಅಲ್ಲಿ ಇರುವುದಿಲ್ಲ. ಹಕ್ಕುಪತ್ರವನ್ನು ಮತ್ತೆ ಬರೆದುಕೊಡಬಹುದು. ಆ ಕಣ್ಣನ್ನು ಬರೆದುಕೊಡಲಾಗದು. ಅದು ಇರುವಾಗಲೇ ಅದಕ್ಕೆ ಕೆಲಸ ಕೊಡುವುದು ವಿವೇಕ.